ಹಾಲಿನ ಲೆಕ್ಕದ ಪಕ್ಕ ನನ್ನ ಲೆಕ್ಕ

47 ಕೆಜಿ ಇಳಿಸಿದ ಮೇಲೂ ನಾನು ಹೊಟ್ಟೆಯ ಮಡಿಕೆಗೆ ಪೌಡರ್ ಹಾಕಿಕೊಂಡೇ ಆಫೀಸಿಗೆ ಹೋಗುತ್ತಿದ್ದೆ. ಸ್ನಾನ ಆದ ಮೇಲೆ ಜೋತುಬಿದ್ದ ಚರ್ಮವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅಡಿಭಾಗ ಒರೆಸಬೇಕು. ಫ್ಯಾನಿನ ಕೆಳಗೆ ಐದು ನಿಮಿಷ ನಿಲ್ಲಬೇಕು. ಆಮೇಲೆ ಫಂಗಸ್ಸಿನ ಪೌಡರ್. ಆಮೇಲೆ ಆ ಚರ್ಮವನ್ನು ಮಡಚಿ ಲೆಗ್ಗಿಂಗ್ಸ್ ಒಳಗೆ ಸೇರಿಸಬೇಕು, ಹಾಸಿಗೆ ಮಡಚಿ ಹೋಲ್ಡಾಲಿಗೆ ತುಂಬಿದ ಹಾಗೆ. ಸಂಜೆ ವಿಜಯನಗರಕ್ಕೆ ವಾಪಸ್ ಬರುವಷ್ಟರಲ್ಲಿ ಅಲ್ಲೆಲ್ಲ ಕೆಂಪು, ಉರಿ, ಒಂಥರಾ ವಾಸನೆ. ಮೆಟ್ರೋದಲ್ಲಿ ಪಕ್ಕದವರಿಗೆ ಗೊತ್ತಾಗುತ್ತೇನೋ ಅಂತ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದೆ.

ನನ್ನ ಎತ್ತರ 157 ಸೆಂಟಿಮೀಟರ್. 2021ರಲ್ಲಿ 118 ಕೆಜಿ ಇದ್ದೆ. ಎರಡು ಸಿಸೇರಿಯನ್, ಸಕ್ಕರೆ ಕಾಯಿಲೆ, ಮೆಟ್ಟಿಲು ಕಂಡರೆ ಹೆದರುವ ಮಂಡಿ. ಆ ಫೆಬ್ರವರಿಯಲ್ಲಿ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಅದರಲ್ಲಿ ಜಠರದ ಮುಕ್ಕಾಲು ಪಾಲು ತೆಗೆದು ಬಾಳೆಹಣ್ಣಿನಂಥ ಒಂದು ಕೊಳವೆ ಉಳಿಸುತ್ತಾರೆ. ಒಂದೂವರೆ ವರ್ಷದಲ್ಲಿ 71ಕ್ಕೆ ಬಂದು ನಿಂತೆ. ಅದರ ಕಥೆ ಬೇರೆ, ಇಲ್ಲಿ ಬೇಡ. ಇಲ್ಲಿ ಹೇಳೋದು ಆಮೇಲೆ ಜೋತು ಉಳಿದ ಹೊಟ್ಟೆಯ ಚರ್ಮ ತೆಗೆಸಿದ ಕಥೆ. ಮದುವೆ ಮನೆಗಳಲ್ಲಿ ನನ್ನ ಗುರುತೇ ಹತ್ತದವರೂ ಇದ್ದರು. ಹೊಗಳಿಕೆಗೆ ಬರ ಇರಲಿಲ್ಲ. ಸೀರೆಯೊಳಗೆ ಏನು ಉಳಿದಿದೆ ಅಂತ ಮಾತ್ರ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ವಿಷಯ ಗೊತ್ತಿದ್ದ ಒಂದಿಬ್ಬರು "ಎಕ್ಸರ್‌ಸೈಜ್ ಮಾಡು, ಒಳಗೆ ಹೋಗುತ್ತೆ" ಅಂದರು. ಮಾಡಿದೆ. ಒಂದು ವರ್ಷ ಯೋಗ, ವಾಕಿಂಗು, ಪ್ಲ್ಯಾಂಕು. ಸ್ನಾಯು ಗಟ್ಟಿಯಾಯಿತೇ ಹೊರತು ಚರ್ಮ ಹಾಗೇ ತೂಗಾಡುತ್ತಿತ್ತು. ಹಳೇ ಲಂಗದ ಎಲಾಸ್ಟಿಕ್ ನೋಡಿದ್ದೀರಲ್ಲ, ಒಂದು ಸಲ ಸಡಿಲವಾದರೆ ಎಷ್ಟು ಒಗೆದರೂ ಮತ್ತೆ ಬಿಗಿಯಾಗಲ್ಲ. ವರ್ಷಗಟ್ಟಲೆ ಹಿಗ್ಗಿದ ಚರ್ಮದ ಒಳಗಿನ ನಾರುಗಳೂ ಹಾಗೇ. ಕ್ರೀಮು, ಎಣ್ಣೆ, ಮಸಾಜು ಯಾವುದೂ ಅದನ್ನು ಕುಗ್ಗಿಸಲ್ಲ. ನಾನು ಕ್ರೀಮಿಗೆ ಸುರಿದ ದುಡ್ಡು ಹೇಳಿದರೆ ನಮ್ಮನೆಯವರು ಬೈತಾರೆ, ಅದಕ್ಕೇ ಇಲ್ಲಿ ಬರೆಯುತ್ತಿಲ್ಲ.

ಆ ಚರ್ಮ ತೆಗೆಸೋಣ ಅಂತ ಮೊದಲು ಹೋಗಿದ್ದು ಒಂದು ದೊಡ್ಡ ಗಾಜಿನ ಬಾಗಿಲಿನ ಕ್ಲಿನಿಕ್ಕಿಗೆ. ಅಲ್ಲಿ ಡಾಕ್ಟರು ಸಿಗಲಿಲ್ಲ. 'ಕೌನ್ಸೆಲರ್' ಅಂತ ಒಬ್ಬ ಹುಡುಗಿ ಸಿಕ್ಕಿದಳು. ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ಲೈಪೋ ಪ್ಲಸ್ ಟಕ್, ಈ ತಿಂಗಳ ಕೊನೆವರೆಗೂ ಡಿಸ್ಕೌಂಟ್ ಇದೆ ಮ್ಯಾಮ್, ಇಎಂಐ ಮಾಡಿಕೊಡ್ತೀವಿ" ಅಂದಳು. ಲೈಪೋ ಅಂದರೆ ಕೊಬ್ಬು ಹೀರಿ ತೆಗೆಯೋದು, ಟಕ್ ಅಂದರೆ ಚರ್ಮ ಕತ್ತರಿಸಿ ಹೊಟ್ಟೆ ಬಿಗಿಮಾಡೋದು. ರಕ್ತ ಪರೀಕ್ಷೆ ಕೇಳಲಿಲ್ಲ. ತೂಕ ಎಷ್ಟು ತಿಂಗಳಿಂದ ಒಂದೇ ಕಡೆ ನಿಂತಿದೆ ಅಂತಲೂ ಕೇಳಲಿಲ್ಲ. ಸೋಫಾ ಸೆಟ್ ಕೊಳ್ಳೋಕೆ ಬಂದಿದ್ದೀನೇನೋ ಅನ್ನಿಸಿ ಎದ್ದು ಬಂದೆ.

ಮನೆಯಲ್ಲಿ ವಿಷಯ ತೆಗೆದಾಗ ಅತ್ತೆ ಮೊದಲು ಹೇಳಿದ್ದು ಇದು: "ಬಾಣಂತನದಲ್ಲಿ ಹೊಟ್ಟೆ ಕಟ್ಟಿಸ್ಕೋ ಅಂತ ಬಡ್ಕೊಂಡೆ. ಸೆಕೆ ಅಂತ ಬಿಚ್ಚಿ ಎಸೀತಿದ್ದೆ. ಈಗ ಅನುಭವಿಸು." ಅದಾದ ಮೇಲೆ ಅವರ ದನಿ ಬದಲಾಯಿತು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್, ಬರೀ 21 ವರ್ಷದ ಹುಡುಗಿ, ಇದೇ ಬೆಂಗಳೂರಿನಲ್ಲಿ ಬೊಜ್ಜು ತೆಗೆಸುವ ಆಪರೇಷನ್ ಆದ ಮೇಲೆ ತೀರಿಕೊಂಡ ಸುದ್ದಿ ಅವರ ಮನಸ್ಸಿನಿಂದ ಹೋಗಿರಲಿಲ್ಲ. "ಚೆಂದಕ್ಕೋಸ್ಕರ ಜೀವ ಪಣಕ್ಕಿಡ್ತಾರಾ? ನಿನ್ನ ಮಕ್ಕಳಿಗೆ ನಾನೇನು ಹೇಳಲಿ?" ನಾನು ಮಾತಾಡಲಿಲ್ಲ. ಅವರನ್ನು ರೂಮಿಗೆ ಕರೆದುಕೊಂಡು ಹೋಗಿ ನೈಟಿ ಎತ್ತಿ ಮಡಿಕೆಯ ಕೆಳಗೆ ತೋರಿಸಿದೆ. ಚರ್ಮ ಕಿತ್ತು ಹೋಗಿ ಹಸಿ ಹಸಿ ಆಗಿತ್ತು. ಸ್ವಲ್ಪ ಹೊತ್ತು ನೋಡಿದರು. "ಒಳ್ಳೇ ಡಾಕ್ಟರ್ ಹುಡುಕು" ಅಂದು ಹೊರಗೆ ಹೋದರು.

ಹುಡುಕಿದೆ. ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯಾ ಅನ್ನೋದು ನನ್ನ ಮೊದಲ ಜರಡಿ. ಎರಡನೆಯದು, ಐಸಿಯು ಇರುವ ಆಸ್ಪತ್ರೆಯಲ್ಲಿ ಮಾಡ್ತಾರಾ ಅನ್ನೋದು. ಕೊನೆಗೆ ಸಿಕ್ಕ ಡಾಕ್ಟರು ಮುಕ್ಕಾಲು ಗಂಟೆ ಮಾತಾಡಿದರು. ನಿಲ್ಲಿಸಿ, ಕೂರಿಸಿ, ಮಲಗಿಸಿ ತಲೆ ಎತ್ತಲು ಹೇಳಿ ನೋಡಿದರು. ಬಸಿರಿನಲ್ಲಿ ದೂರ ಸರಿದ ಹೊಟ್ಟೆಯ ಎರಡು ಸ್ನಾಯುಗಳ ನಡುವೆ ಅವರ ನಾಲ್ಕು ಬೆರಳು ಹೋಗುತ್ತಿತ್ತು. ಬರೀ ಜೋತುಬಿದ್ದ ಭಾಗ ಕತ್ತರಿಸಿ ಹೊಲಿಯೋದು ಒಂದು ವಿಧ. ಸ್ನಾಯು ಬಿಗಿಮಾಡಿ, ಚರ್ಮ ಕೆಳಗೆಳೆದು, ಹೊಕ್ಕುಳಿಗೆ ಹೊಸ ಜಾಗ ಮಾಡೋದು ಇನ್ನೊಂದು. ಅದೇ ಟಮ್ಮಿ ಟಕ್. ನನ್ನಷ್ಟು ಇಳಿದವರಿಗೆ ಚರ್ಮ ಅಡ್ಡಕ್ಕೂ ಸಡಿಲ, ಉದ್ದಕ್ಕೂ ಸಡಿಲ. ಹಾಗಾಗಿ ನಡುವೆ ಮೇಲಿಂದ ಕೆಳಗೂ ಒಂದು ಸೀಳು ಹಾಕಿದರೆ ಸೊಂಟ ಚೆನ್ನಾಗಿ ಬರುತ್ತೆ, ಆದರೆ ಕಲೆ ತಲೆಕೆಳಗಾದ ಇಂಗ್ಲಿಷ್ 'ಟಿ' ತರಹ ಉಳಿಯುತ್ತೆ ಅಂದರು. "ಸೆರಗು ಇರೋದೇ ಅದಕ್ಕಲ್ವಾ ಡಾಕ್ಟ್ರೇ" ಅಂದೆ. ಲೈಪೋಸಕ್ಷನ್ ಬಗ್ಗೆ ಕೇಳಿದ್ದಕ್ಕೆ, "ದಿಂಬಿನ ಹತ್ತಿ ತೆಗೆದರೆ ದಿಂಬಿನ ಚೀಲ ಚಿಕ್ಕದಾಗುತ್ತಾ?" ಅಂತ ವಾಪಸ್ ಕೇಳಿದರು.

ಇಷ್ಟೆಲ್ಲ ಹೇಳಿ, ರಕ್ತದ ರಿಪೋರ್ಟ್ ನೋಡಿ, "ಈಗ ಮಾಡಲ್ಲ" ಅಂದುಬಿಟ್ಟರು.

ಹಿಮೋಗ್ಲೋಬಿನ್ 9.4. ಕಬ್ಬಿಣದ ದಾಸ್ತಾನು ತಳ ಕಂಡಿತ್ತು. ಸ್ಲೀವ್ ಆದವರಿಗೆ ಕಬ್ಬಿಣ, ಬಿ12 ಸರಿಯಾಗಿ ಮೈಗೆ ಹತ್ತಲ್ಲ. ಜೊತೆಗೆ ನಾನು ತಿನ್ನುತ್ತಿದ್ದ ಪ್ರೋಟೀನ್ ಸಾಲದು. ಅಷ್ಟುದ್ದದ ಗಾಯ ಮಾಯಬೇಕಾದರೆ ಮೈಯಲ್ಲಿ ಸರಕು ಇರಬೇಕು. "ಸಿಮೆಂಟಿಲ್ಲದೆ ಗೋಡೆ ಕಟ್ಟೋಕೆ ಹೇಳ್ತಿದ್ದೀರ" ಅಂದರು. ಇದು 2023ರ ಆಗಸ್ಟ್. ನನಗೆ ಅಲ್ಲೇ ಅಳು ಬಂತು. ಧೈರ್ಯ ಮಾಡಿ ಇಷ್ಟು ದೂರ ಬಂದರೆ ಹೀಗಾ ಅಂತ. ಈಗ ಯೋಚಿಸಿದರೆ ಅವರ ಮೇಲೆ ನನಗೆ ನಂಬಿಕೆ ಬಂದಿದ್ದೇ ಆವತ್ತು.

ಎರಡು ಸಲ ಕಬ್ಬಿಣದ ಡ್ರಿಪ್ ಹಾಕಿಸಿಕೊಂಡೆ. ದಿನಕ್ಕೆ 80 ಗ್ರಾಂ ಪ್ರೋಟೀನ್ ಅಂದರು. ಬಾಳೆಹಣ್ಣಿನಷ್ಟಿರುವ ಹೊಟ್ಟೆಗೆ ಅದನ್ನು ಹಿಡಿಸೋದು ದೊಡ್ಡ ಸರ್ಕಸ್ಸು. ಬೆಳಿಗ್ಗೆ ಮೊಟ್ಟೆ, ಹನ್ನೊಂದಕ್ಕೆ ಮೊಳಕೆ ಹೆಸರುಕಾಳು, ಮಧ್ಯಾಹ್ನ ಮುದ್ದೆ ಅರ್ಧ ಮಾಡಿ ಕೋಳಿ ಜಾಸ್ತಿ, ರಾತ್ರಿ ಪ್ರೋಟೀನ್ ಪೌಡರ್. ಡಿಸೆಂಬರಿಗೆ 12.1 ಬಂತು. ತೂಕ 71ರಲ್ಲೇ ಇತ್ತು.

ದುಡ್ಡಿನ ವಿಷಯಕ್ಕೆ ಬಂದರೆ, ಇನ್ಶೂರೆನ್ಸ್ ಕೊಡಲಿಲ್ಲ. ಚರ್ಮದ ಡಾಕ್ಟರ ಎರಡು ವರ್ಷದ ಚೀಟಿಗಳು, ಹುಣ್ಣಿನ ಫೋಟೋ ಎಲ್ಲ ಇಟ್ಟು ಕಳಿಸಿದೆ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್, ಇಲ್ಲವೇ ಆರೋಗ್ಯಕ್ಕೆ ನೇರ ಅಪಾಯ ಇದ್ದರೆ ಮಾತ್ರ ಅಂತ ಪಾಲಿಸಿಯ ಸಾಲು ತೋರಿಸಿ 'ಕಾಸ್ಮೆಟಿಕ್' ಅಂತ ಠಸ್ಸೆ ಒತ್ತಿದರು. ಹುಣ್ಣು ಕಾಸ್ಮೆಟಿಕ್ಕಂತೆ! ಸರ್ಕಾರದ ಲೆಕ್ಕದಲ್ಲೂ ಹಾಗೇ. ಬೇರೆ ಚಿಕಿತ್ಸೆಗೆ ಇಲ್ಲದ ಜಿಎಸ್‌ಟಿ ಇದಕ್ಕೆ ಶೇಕಡಾ 18. ಎಲ್ಲ ಸೇರಿ ನನಗೆ ಮೂರೂವರೆ ಲಕ್ಷದ ಹತ್ತಿರ ಆಯಿತು. ಐದು ಲಕ್ಷದ ಚೀಟಿಯೊಂದು ಕಟ್ಟುತ್ತಿದ್ದೆ, ಕೂಗಿ ಎತ್ತಿದೆ.

ಸಂಕ್ರಾಂತಿ ಮುಗಿದ ಮರುವಾರ ಅಡ್ಮಿಟ್ ಆದೆ. ಆಪರೇಷನ್ನಿನ ಬೆಳಿಗ್ಗೆ ಡಾಕ್ಟರು ಒಂದು ಮಾರ್ಕರ್ ಪೆನ್ ಹಿಡಿದು ಬಂದರು. ಗೆರೆ ಹಾಕೋದು ನಿಂತಾಗಲೇ. ಮಲಗಿದರೆ ಚರ್ಮ ಹರಡಿಕೊಂಡು ಎಲ್ಲಿ ಎಷ್ಟು ಜೋತಿದೆ ಅಂತ ತಿಳಿಯಲ್ಲ. ಸಿಸ್ಟರ್ ನನ್ನ ಮಡಿಕೆಯನ್ನು ಎತ್ತಿ ಹಿಡಿದುಕೊಂಡರು, ಅವರು ಸ್ಟೂಲಿನ ಮೇಲೆ ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಟೇಪ್ ಹಿಡಿದು ಗೆರೆ ಎಳೆದರು. ಕಟಿಂಗ್ ಟೇಬಲ್ ಮೇಲಿನ ಬ್ಲೌಸ್ ಪೀಸ್ ಆಗಿದ್ದೆ ನಾನು. ನಡುವೆ ಒಂದು ಸಲ "ಉಸಿರು ಬಿಡಿ ಅಮ್ಮ, ಹೊಟ್ಟೆ ಒಳಗೆಳ್ಕೋಬೇಡಿ" ಅಂದರು. ಇಪ್ಪತ್ತು ವರ್ಷದಿಂದ ಹೊಟ್ಟೆ ಒಳಗೆಳೆದುಕೊಂಡೇ ನಿಂತವಳು ನಾನು. ಬಿಡು ಅಂದರೆ ಬಿಡೋಕೆ ಬರಲಿಲ್ಲ.

ಆಪರೇಷನ್ ನಾಲ್ಕು ಗಂಟೆ. ಅದರಲ್ಲಿ ನಾನು ಹೇಳುವಂಥದ್ದು ಏನಿಲ್ಲ, ನಿದ್ದೆಯಲ್ಲಿದ್ದೆ. ಎಚ್ಚರ ಆದಾಗ ಮಂಡಿ ಮಡಚಿ, ಬೆನ್ನು ಎತ್ತಿ ಮಲಗಿಸಿದ್ದರು. ಹೊಲಿಗೆ ಎಳೆಯಬಾರದಲ್ಲ, ಅದಕ್ಕೆ. ಕಾಲಿಗೆ ಉಬ್ಬಿ ಇಳಿಯುವ ಪಟ್ಟಿ. ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ, ಅದಕ್ಕೆ ತೊಡೆಗೆ ಇಂಜೆಕ್ಷನ್ ಬೇರೆ. ಮಾರನೇ ದಿನ ಬೆಳಿಗ್ಗೆಯೇ ಎಬ್ಬಿಸಿ ನಡೆಸಿದರು. ತೆಗೆದ ಚರ್ಮ, ಕೊಬ್ಬು ಎಷ್ಟಿತ್ತು ಅಂತ ಕೇಳಿದೆ. 3.1 ಕೆಜಿ. ಇಷ್ಟೇನಾ ಅನ್ನಿಸಿತು. ಮೂರು ಕೆಜಿ ಹೊತ್ತುಕೊಂಡು ಮೂವತ್ತು ಕೆಜಿಯಷ್ಟು ನಾಚಿಕೊಂಡಿದ್ದೆ ನಾನು.

ಮೂರು ರಾತ್ರಿ ಆದ ಮೇಲೆ ಮನೆ. ಅಲ್ಲಿಂದ ಮುಂದೆ ನಿಜವಾದ ಆಪರೇಷನ್.

ಹೊಟ್ಟೆಯ ಎರಡೂ ಪಕ್ಕ ಒಂದೊಂದು ಕೊಳವೆ, ಅದರ ತುದಿಗೆ ಒಂದೊಂದು ಪ್ಲಾಸ್ಟಿಕ್ ಡಬ್ಬಿ. ಹಾರ್ಮೋನಿಯಂ ತಿದಿಯ ಹಾಗೆ ಒತ್ತಿ ಮುಚ್ಚಳ ಹಾಕಿದರೆ ಅದು ಮೆಲ್ಲಗೆ ಹಿಗ್ಗುತ್ತಾ ಒಳಗಿನ ನೀರನ್ನು ಎಳೆದುಕೊಳ್ಳುತ್ತೆ. ಇದಕ್ಕೆ ಡ್ರೈನ್ ಅಂತಾರೆ. ಚರ್ಮವನ್ನು ಅಷ್ಟಗಲ ಬಿಡಿಸಿರುತ್ತಾರಲ್ಲ, ಅಡಿಯಲ್ಲಿ ನೀರು ಒಸರುತ್ತಲೇ ಇರುತ್ತೆ. ಆಚೆ ಬರದಿದ್ದರೆ ಒಳಗೇ ಕೆರೆ ಕಟ್ಟುತ್ತೆ. ದಿನಕ್ಕೊಮ್ಮೆ ಅಳೆದು ಬರೆದಿಡಬೇಕು. ಒಂದೊಂದರಲ್ಲೂ ಸತತ ಎರಡು ದಿನ 30 ಎಂಎಲ್‌ಗಿಂತ ಕಡಿಮೆ ಬಂದರೆ ತೆಗೆಯುತ್ತಾರೆ.

ಈ ಕೆಲಸ ಅತ್ತೆ ವಹಿಸಿಕೊಂಡರು. ಯಾರೂ ಕೇಳಿರಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಹಾಲಿನವನು ಬಂದ ದಿನ, ಬಾರದ ದಿನ, ಪೇಪರಿನ ಹುಡುಗ ಚಕ್ಕರ್ ಹೊಡೆದ ದಿನ, ಗ್ಯಾಸ್ ಹಚ್ಚಿದ ದಿನ ಎಲ್ಲ ಅದರಲ್ಲೇ. 'ಹಾ 1½' ಅಂತ ಬರೆದ ಚೌಕದಲ್ಲೇ ಈಗ 'ಬ 110, ಎ 85' ಅಂತ ಇನ್ನೊಂದು ಸಾಲು. ಬಲ, ಎಡ. ಬೆಳಿಗ್ಗೆ ಏಳಕ್ಕೆ ಕೈತೊಳೆದು, ಕನ್ನಡಕ ಏರಿಸಿ, ಆಸ್ಪತ್ರೆಯವರು ಕೊಟ್ಟ ಅಳತೆ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಿದ್ದರು. ಹಾಲಿನವನ ಅಳತೆ ನೋಡಿದ ಹಾಗೇ, ಅದೇ ಅನುಮಾನದ ಕಣ್ಣು. ಡಬ್ಬಿಗಳನ್ನು ನೈಟಿಗೆ ಪಿನ್ನು ಹಾಕಿಕೊಂಡರೆ ಎಳೆಯುತ್ತಿತ್ತು. ಒಂದು ಮಧ್ಯಾಹ್ನ ತಮ್ಮ ಎಲೆಅಡಿಕೆ ಸಂಚಿಯ ಅಳತೆಯಲ್ಲಿ ಎರಡು ಸಂಚಿ ಹೊಲಿದು, ಲಾಡಿ ಹಾಕಿ ಸೊಂಟಕ್ಕೆ ಕಟ್ಟಿದರು. ಹದಿನೈದು ದಿನ ಹಾಗೇ ಓಡಾಡಿದೆ.

ಓಡಾಡಿದೆ ಅಂದರೆ ಬಗ್ಗಿಕೊಂಡು. ಹೊಟ್ಟೆ ಎಷ್ಟು ಬಿಗಿ ಅಂದರೆ ನೆಟ್ಟಗೆ ನಿಲ್ಲೋಕೇ ಆಗಲ್ಲ. 74 ವರ್ಷದ ಅತ್ತೆ ಮುಂದೆ ನೆಟ್ಟಗೆ, ಹಿಂದೆ ನಾನು ಗೋಡೆ ಹಿಡಿದುಕೊಂಡು. "ಈಗ ನೋಡಿದೋರು ನನ್ನೇ ಸೊಸೆ ಅನ್ಕೋತಾರೆ" ಅಂತ ನಗಿಸಿಬಿಟ್ಟರು. ನಗಬಾರದು ಆಗ! ನಕ್ಕರೆ, ಕೆಮ್ಮಿದರೆ, ಸೀನಿದರೆ ಜೀವ ಬಾಯಿಗೆ ಬರುತ್ತೆ. ಕೆಮ್ಮು ಬರುತ್ತೆ ಅನ್ನಿಸಿದ ತಕ್ಷಣ ದಿಂಬು ಹೊಟ್ಟೆಗೆ ಒತ್ತಿಕೊಳ್ಳಬೇಕು ಅಂತ ಸಿಸ್ಟರ್ ಕಲಿಸಿದ್ದರು. ನಮ್ಮ ಕೆಳಗಿನ ಮನೆಯವರು ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ ಹಾಕುವ ಹೊತ್ತು ನನಗೆ ಬಾಯಿಪಾಠ ಆಗಿತ್ತು. ಎಂಟೂಕಾಲು ಆಯಿತೆಂದರೆ ದಿಂಬು ತಬ್ಬಿಕೊಂಡು ತಯಾರು.

ಬೆಲ್ಟ್ ಆರು ವಾರ, ಹಗಲೂ ರಾತ್ರಿ. ಬಿಚ್ಚೋದು ಸ್ನಾನಕ್ಕೆ ಮಾತ್ರ. ಅತ್ತೆ ಪ್ರತಿ ಸಲ ಅದರ ಹುಕ್ಕು ಬಿಗಿಯುವಾಗಲೂ ಒಂದು ಮಾತು ಹೇಳದೆ ಬಿಡುತ್ತಿರಲಿಲ್ಲ. "ಆಗ ಪುಕ್ಕಟೆ ಹಳೇ ಸೀರೆಯಲ್ಲಿ ಕಟ್ತೀನಿ ಅಂದೆ, ನೀನು ಬೇಡ ಅಂದೆ." ಸೀರೆ ಕಟ್ಟಿದ್ದರೂ ಸರಿದ ಸ್ನಾಯು ಕೂಡುತ್ತಿರಲಿಲ್ಲ ಅಂತ ವಾದ ಮಾಡುವ ಶಕ್ತಿ ನನಗಿರಲಿಲ್ಲ. ಊಟವೂ ಬಾಣಂತಿಯದೇ. ಕಾಲ್ ಸೂಪ್, ಬೆಳ್ಳುಳ್ಳಿ ಸಾರು, ತುಪ್ಪ. ತುಪ್ಪ ಒಂದನ್ನು ಕದ್ದು ಮಗಳ ತಟ್ಟೆಗೆ ಹಾಕುತ್ತಿದ್ದೆ.

ಎಡಗಡೆಯ ಡ್ರೈನ್ ಒಂಬತ್ತನೇ ದಿನ ಹೋಯಿತು. ಬಲಗಡೆಯದು ಹಟ ಹಿಡಿಯಿತು. 45, 40, 50. ಕ್ಯಾಲೆಂಡರ್ ಹಾಳೆ ಮಗುಚಿ ಫೆಬ್ರವರಿ ಬಂದರೂ 30ಕ್ಕಿಂತ ಕೆಳಗೆ ಇಳಿಯಲಿಲ್ಲ. ಹಾಗಿದ್ದರೂ ಹದಿನೈದನೇ ದಿನ ತೆಗೆದರು. ಉದ್ದದ ಕೊಳವೆ ಒಳಗಿಂದ ಸರ್ರನೆ ಎಳೆದಾಗ ನೋವಿಗಿಂತ ಜಾಸ್ತಿ ಒಂದು ವಿಚಿತ್ರ ಕಚಗುಳಿ. ಅದಾದ ಐದಾರು ದಿನಕ್ಕೆ ಬಲಗಡೆ ತಟ್ಟಿದರೆ ನೀರಿನ ಪ್ಯಾಕೆಟ್ ತರಹ ಅಲುಗುತ್ತಿತ್ತು. ಸಿರೋಮಾ ಅಂದರು. ಎರಡು ಸಲ ಸೂಜಿ ಹಾಕಿ ಎಳೆದರು, ಸರಿ ಹೋಯಿತು.

ಸರಿ ಹೋಗದೆ ಕಾಡಿದ್ದು ಟಿ ಕೂಡುವ ಜಾಗ. ಅಡ್ಡ ಹೊಲಿಗೆ, ಉದ್ದ ಹೊಲಿಗೆ ಸೇರುವ ಮೂಲೆಗೆ ರಕ್ತ ಎಲ್ಲಕ್ಕಿಂತ ಕಡಿಮೆ ಹರಿಯುತ್ತೆ, ಎಳೆತ ಎಲ್ಲಕ್ಕಿಂತ ಜಾಸ್ತಿ. ಮೂರನೇ ವಾರ ಅಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಬಿಟ್ಟುಕೊಂಡಿತು. ಡಾಕ್ಟರು ಮೊದಲೇ ಹೇಳಿದ್ದರು, ಹೀಗಾಗಬಹುದು ಅಂತ. ಆದರೂ ಕನ್ನಡಿಯಲ್ಲಿ ಅದನ್ನು ನೋಡಿದ ರಾತ್ರಿ, ಯಾಕಾದರೂ ಈ ಹುಚ್ಚಿಗೆ ಕೈ ಹಾಕಿದೆನೋ ಅಂತ ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಚೀಟಿ ದುಡ್ಡು ನೆನಪಾಯಿತು, ಮಗನ ಕಾಲೇಜು ಫೀಸು ನೆನಪಾಯಿತು. ಮತ್ತೆ ಹೊಲಿಯಲಿಲ್ಲ. ದಿನಾ ತೊಳೆದು ಡ್ರೆಸಿಂಗ್ ಮಾಡುತ್ತಾ ಒಳಗಿಂದಲೇ ತುಂಬಿಕೊಳ್ಳಲು ಬಿಟ್ಟರು. ಐದು ವಾರ ಹಿಡಿಯಿತು. ಡ್ರೆಸಿಂಗ್ ಮಾಡಿದ್ದು ನಮ್ಮನೆಯವರು. ರಕ್ತ ಕಂಡರೆ ಬೆವರುವ ಮನುಷ್ಯ, ಮೊದಲ ದಿನ ಮಂಚದ ಕಾಲು ಹಿಡಿದುಕೊಂಡು ಕೂತುಬಿಟ್ಟಿದ್ದರು.

ನಾಲ್ಕು ವಾರಕ್ಕೆ ಆಫೀಸಿಗೆ ಹೋದೆ. ಐದು ಕೆಜಿಗಿಂತ ಜಾಸ್ತಿ ಎತ್ತಬಾರದು ಅಂತ ಆರು ವಾರದ ಕಟ್ಟಪ್ಪಣೆ ಇತ್ತು. ಡ್ರೆಸಿಂಗ್ ನಿಲ್ಲದ ಕಾರಣ ನನಗೆ ಅದನ್ನು ಮಾರ್ಚ್ ಕೊನೆವರೆಗೂ ಎಳೆದರು. 2024ರ ಆ ಮಾರ್ಚ್ ಬೆಂಗಳೂರಿನವರಿಗೆ ಮರೆಯಲ್ಲ. ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ಒಣಗಿ, ಟ್ಯಾಂಕರ್ ಬಂದಾಗ ಬಕೆಟ್ ಹಿಡಿದು ಓಡುವ ಕಾಲ. ಎಲ್ಲರೂ ಬಕೆಟ್ ಹೊರುತ್ತಿದ್ದರೆ ನಾನೊಬ್ಬಳು ಚೊಂಬು ಹಿಡಿದು ನಿಲ್ಲುತ್ತಿದ್ದೆ. ಮೇಲಿನ ಮನೆಯ ಆಂಟಿ "ಏನಮ್ಮ, ಏನಾದ್ರೂ ವಿಶೇಷನಾ?" ಅಂತ ಕೇಳಿದರು. ನನಗೆ 44 ವರ್ಷ.

ಈಗಿನ ಸ್ಥಿತಿ ಹೇಳುತ್ತೇನೆ. ಹುಣ್ಣಿಲ್ಲ, ಪೌಡರ್ ಡಬ್ಬಿ ಇಲ್ಲ. ಸೊಂಟದಿಂದ ಸೊಂಟಕ್ಕೆ ಅಡ್ಡ ಒಂದು ಗೆರೆ, ಎದೆಯ ಕೆಳಗಿನಿಂದ ಉದ್ದಕ್ಕೆ ಒಂದು. ಮೊದಲ ಆರು ತಿಂಗಳು ನೇರಳೆ ಬಣ್ಣಕ್ಕಿದ್ದು ಉಬ್ಬಿತ್ತು. ಸಿಲಿಕೋನ್ ಪಟ್ಟಿ ಹಚ್ಚುತ್ತಾ ಬಂದೆ, ವರ್ಷ ದಾಟಿದ ಮೇಲೆ ಮಾಸಿದೆ. ಟಿ ಮೂಲೆಯಲ್ಲಿ ಮಾತ್ರ ಸುಕ್ಕು ಹಾಗೇ ಇದೆ. ಹೊಕ್ಕುಳು ಸ್ವಲ್ಪ ಎಡಕ್ಕೆ ವಾಲಿದೆ, ನನಗಲ್ಲದೆ ಇನ್ಯಾರಿಗೂ ಕಾಣಲ್ಲ. ಅದರ ಕೆಳಗೆ ಅಂಗೈ ಅಗಲ ಸ್ಪರ್ಶ ಗೊತ್ತಾಗಲ್ಲ. ಒಂದು ದಿನ ದೋಸೆ ಹುಯ್ಯುವಾಗ ಬಿಸಿ ಹೆಂಚಿನ ಅಂಚು ನೈಟಿಗೆ ತಾಗಿದ್ದು ಬಟ್ಟೆಯ ವಾಸನೆ ಬಂದ ಮೇಲೆ ತಿಳಿಯಿತು. ಬಿಸಿನೀರಿನ ಬ್ಯಾಗ್ ಅಲ್ಲಿಗೆ ಇಡಲೇಬಾರದು ಅಂತ ಡಾಕ್ಟರು ಹೇಳಿದ್ದು ಯಾಕೆ ಅಂತ ಆಗ ಅರ್ಥ ಆಯಿತು. ತೋಳು ಇನ್ನೂ ಜೋತಿದೆ, ತೊಡೆಯೂ. ಅವಕ್ಕೆ ಕೈ ಹಾಕಲ್ಲ. ಮೊಣಕೈವರೆಗಿನ ಬ್ಲೌಸ್ ಇದೆ, ಸಾಕು.

ಹೋದ ತಿಂಗಳು ನನ್ನ ಹಾಗೇ ಸ್ಲೀವ್ ಮಾಡಿಸಿಕೊಂಡ ಒಬ್ಬರು, ನನಗಿಂತ ಚಿಕ್ಕವರು, ಲಾಲ್‌ಬಾಗಿನಲ್ಲಿ ವಾಕಿಂಗ್ ಮುಗಿಸಿ ಕೂತಾಗ ಮೆಲ್ಲಗೆ ಕೇಳಿದರು. ಅಕ್ಕಪಕ್ಕ ನೋಡಿಕೊಂಡು, ದನಿ ತಗ್ಗಿಸಿ. ನಾನು ಫೋನಿನಲ್ಲಿ ಕ್ಯಾಲೆಂಡರಿನ ಫೋಟೋ ತೋರಿಸಿದೆ. 'ಹಾ 1½, ಬ 45' ನೋಡಿ ಅವರಿಗೆ ತಲೆಬುಡ ತಿಳಿಯಲಿಲ್ಲ. ಕುರ್ತಾ ಪಕ್ಕಕ್ಕೆ ಸರಿಸಿ ಕಲೆಯ ತುದಿ ತೋರಿಸಿದೆ. ಬೆರಳಲ್ಲಿ ಮುಟ್ಟಿ ನೋಡಿದರು.

"ತುಂಬಾ ನೋವಾಗುತ್ತಾ ಅಕ್ಕ? ಎಷ್ಟಾಗುತ್ತೆ? ಯಾವಾಗ ಮಾಡಿಸ್ಕೋಬಹುದು?"

"ಅದೆಲ್ಲ ಆಮೇಲೆ" ಅಂದೆ. "ಹಿಮೋಗ್ಲೋಬಿನ್ ಎಷ್ಟಿದೆ ಹೇಳಿ ಮೊದಲು."